ಬಾಡಿ ಲಿಫ್ಟ್ ಮಾಡಿದ ಜಿಪ್ಸಿಗೆ ಹಿಂದಿನ ಬಂಪರ್ ಹೊಂದಿಸುವುದು ಹೇಗೆ?

ಮಾರುತಿ ಜಿಪ್ಸಿಯ ಬಾಡಿಯನ್ನು ಎರಡು ಇಂಚು ಎತ್ತಿಸಿದ ಮೇಲೆ ಒಮ್ಮೆ ಹಿಂದೆ ಹೋಗಿ ನಿಂತು ನೋಡಿ. ಬಾಡಿ ಮೇಲೆ ಹೋಗಿದೆ, ಬಂಪರ್ ಮಾತ್ರ ಹಳೆ ಜಾಗದಲ್ಲೇ ಉಳಿದಿದೆ. ನಡುವೆ ಕೈ ತೂರುವಷ್ಟು ಸಂದು. ಆ ಸಂದಿನಲ್ಲಿ ಚಾಸಿಯ (ಬಾಡಿಯನ್ನು ಹೊತ್ತ ಅಡಿಯ ಕಬ್ಬಿಣದ ಚೌಕಟ್ಟಿನ) ತುದಿ, ನೇತಾಡುವ ವೈರು, ಕೆಸರು ಮೆತ್ತಿದ ಟ್ಯಾಂಕಿನ ಅಂಚು ಎಲ್ಲ ಕಾಣುತ್ತದೆ. ನೋಡಲು ಚೆನ್ನಾಗಿಲ್ಲ ಅನ್ನುವುದು ಸಣ್ಣ ಮಾತು. ಹಳ್ಳ ದಾಟುವಾಗ ಕಲ್ಲು, ಕೋಲು ಎಲ್ಲ ನೇರ ಒಳಗೆ ನುಗ್ಗುತ್ತವೆ. ಹಿಂದಿನಿಂದ ಏನಾದರೂ ಗುದ್ದಿದರೆ ಬಂಪರಿಗೆ ಸಿಗದೆ ಬಾಡಿಯ ತಗಡಿಗೇ ಬಡಿಯಬಹುದು.

ನನ್ನದು 1.3 ಲೀಟರ್ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಎಂಜಿನ್ನಿನ ಜಿಪ್ಸಿ ಕಿಂಗ್. ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಓಡುತ್ತದೆ. ಹಿಂದಿನ ಯಜಮಾನರು ಕಂಪನಿ ಬಂಪರ್ ತೆಗೆಸಿ, ಸಿ-ಚಾನೆಲ್ಲಿನಲ್ಲಿ (C ಆಕಾರದ ಕಬ್ಬಿಣದ ತೊಲೆಯಲ್ಲಿ) ಒಂದು ಗಟ್ಟಿ ಬಂಪರ್ ಮಾಡಿಸಿ ಹಾಕಿದ್ದರು. ಬಾಡಿ ಎತ್ತಿಸಿದ ಮೇಲೆ ಆ ಬಂಪರನ್ನು ಎರಡು ಸಲ ಬಿಚ್ಚಿ ಹೊಂದಿಸಬೇಕಾಯಿತು. ಮೊದಲ ಸಲ ತಪ್ಪಾಗಿತ್ತು, ಎರಡನೇ ಸಲ ಸರಿಹೋಯಿತು. ಆ ಎರಡನೇ ಸಲದ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಡುವೆ ಮೊದಲ ಸಲ ಏನು ಕೆಟ್ಟಿತು ಅನ್ನುವುದನ್ನೂ ಹೇಳುತ್ತೇನೆ. ಅದನ್ನು ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ.

ಮೊದಲು ಕಾನೂನಿನ ಮಾತು

ಇದನ್ನು ಕೊನೆಗೆ ಇಟ್ಟರೆ ಯಾರೂ ಓದುವುದಿಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ ಇಂಥ ಒಂದೊಂದು ಬದಲಾವಣೆಗೂ ಗಾಡಿ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಬಾಡಿ ಲಿಫ್ಟ್ ಒಂದು ಬದಲಾವಣೆ, ಬಂಪರ್ ಇನ್ನೊಂದು. ಅಪಘಾತವಾದರೆ ವಿಮೆ ಕಂಪನಿಯವರು ಮೊದಲು ಬೆರಳು ತೋರಿಸುವುದೂ ಇಂಥದ್ದಕ್ಕೇ.

ಹಾಗಾಗಿ ಈ ಕೆಲಸ ತೋಟದೊಳಗೆ, ಖಾಸಗಿ ಜಾಗದಲ್ಲಿ ಓಡುವ ಗಾಡಿಗೆ. ಆಫ್‌ರೋಡ್ ಸ್ಪರ್ಧೆಗೆ ಹೋಗುವವರು ಗಾಡಿಯನ್ನು ಟ್ರೈಲರ್ ಮೇಲೋ ಲಾರಿಯ ಮೇಲೋ ಸಾಗಿಸಿ. ದಿನಾ ಪೇಟೆಗೆ ಹೋಗುವ, ಮಕ್ಕಳನ್ನು ಸ್ಕೂಲಿಗೆ ಬಿಡುವ ಗಾಡಿಗೆ ದಯವಿಟ್ಟು ಇದನ್ನು ಮಾಡಬೇಡಿ. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿನ ನಿಯಮ ನೋಡಿಕೊಳ್ಳಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಬಂಪರ್ ನೆಲದಿಂದ ಎಷ್ಟು ಎತ್ತರ ಇರಬಹುದು ಅನ್ನುವುದಕ್ಕೇ ಮಿತಿ ಇದೆ. ಬಂಪರ್ ಅತಿ ಎತ್ತರಕ್ಕೆ ಹೋದರೆ ಹಿಂದೆ ಬರುವ ಚಿಕ್ಕ ಕಾರು ಅದರ ಅಡಿಗೆ ನುಗ್ಗುತ್ತದೆ, ಅದಕ್ಕಾಗಿ ಆ ಮಿತಿ.

ಬಾಡಿ ಎದ್ದರೂ ಬಂಪರ್ ಏಕೆ ಏಳಲಿಲ್ಲ?

ಜಿಪ್ಸಿ, ಹಳೆ ಥಾರ್, ಬೊಲೆರೊ ಇವೆಲ್ಲ ಏಣಿ ಚಾಸಿಯ ಗಾಡಿಗಳು. ಕೆಳಗೆ ಏಣಿ ಮಲಗಿಸಿದ ಹಾಗೆ ಒಂದು ಚಾಸಿ. ಅದರ ಮೇಲೆ ರಬ್ಬರ್ ಬುಷ್ (ಅದುರು ತಡೆಯುವ ರಬ್ಬರ್ ಮೆತ್ತೆ), ಬುಷ್‌ಗಳ ಮೇಲೆ ಬಾಡಿ. ಬಾಡಿ ಲಿಫ್ಟ್ ಅಂದರೆ ಬುಷ್ ಇರುವ ಜಾಗದಲ್ಲೆಲ್ಲ ನೈಲಾನಿನದೋ ಅಲ್ಯೂಮಿನಿಯಮ್ಮಿನದೋ ಒಂದು ಗಟ್ಟಿ ಬಿಲ್ಲೆ ಕೊಟ್ಟು, ಉದ್ದದ ಬೋಲ್ಟು ಹಾಕಿ ಬಾಡಿಯನ್ನು ಮಾತ್ರ ಮೇಲೆತ್ತುವುದು. ಎಂಜಿನ್, ಆಕ್ಸಲ್, ಪಟ್ಟಾ ಸ್ಪ್ರಿಂಗ್, ಚಾಸಿ ಯಾವುದೂ ಒಂದು ಮಿಲಿಮೀಟರ್ ಕೂಡ ಮೇಲೆ ಹೋಗುವುದಿಲ್ಲ. ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಅಷ್ಟೇ. ಡಸ್ಟರ್, ಕ್ರೆಟಾದಂಥ ಗಾಡಿಗಳಲ್ಲಿ ಬೇರೆ ಚಾಸಿಯೇ ಇಲ್ಲ, ಆದ್ದರಿಂದ ಅವಕ್ಕೆ ಈ ಲಿಫ್ಟೂ ಇಲ್ಲ.

ಬಂಪರ್ ಕೂತಿರುವುದು ಚಾಸಿಯ ಮೇಲೆ. ಅದಕ್ಕೇ ಅದು ಕೆಳಗೇ ಉಳಿಯಿತು. ಹಾಗಾದರೆ ಬಂಪರನ್ನು ಬಾಡಿಗೇ ಬೋಲ್ಟು ಹೊಡೆದುಬಿಟ್ಟರೆ ಸುಲಭ ಅಲ್ವಾ ಅಂತ ಹಲವರು ಕೇಳುತ್ತಾರೆ. ಬೇಡ. ಬಾಡಿ ಬರೀ ತಗಡು, ಒಂದು ಗುದ್ದಿಗೆ ಸೀಳುತ್ತದೆ. ಎರಡೂ ಕಡೆ, ಅಂದರೆ ಚಾಸಿಗೂ ಬಾಡಿಗೂ ಸೇರಿಸಿ ಕಟ್ಟುವುದಂತೂ ಇನ್ನೂ ಕೆಟ್ಟದ್ದು. ಗಾಡಿ ಓರೆಯಾದಾಗ ಚಾಸಿ ತಿರುಚುತ್ತದೆ, ಬಾಡಿ ರಬ್ಬರಿನ ಮೇಲೆ ತನ್ನಷ್ಟಕ್ಕೆ ಅಲುಗುತ್ತದೆ. ಎರಡನ್ನೂ ಬಂಪರಿನಿಂದ ಬಿಗಿದರೆ ಯಾವುದೋ ಒಂದು ಬಿರುಕು ಬಿಡಲೇಬೇಕು. ಸಾಮಾನ್ಯವಾಗಿ ಬಿರುಕು ಬಿಡುವುದು ಬಾಡಿ.

ಇಡೀ ಕೆಲಸಕ್ಕೆ ಇದೇ ಬುನಾದಿ. ಬಂಪರ್ ಮೇಲೆ ಹೋಗಲಿ, ಆದರೆ ಅದರ ಭಾರವೆಲ್ಲ ಚಾಸಿಗೇ ಇಳಿಯಲಿ. ಬಾಡಿಗೂ ಬಂಪರಿಗೂ ನಡುವೆ ಗಾಳಿ ಆಡಲಿ.

ಒಂದನೇ ಹಂತ: ಅಳತೆ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಕಾಫಿ ಒಣಗಿಸುವ ಸಿಮೆಂಟು ಕಣ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇಡ, ಆದರೂ ರಸಮಟ್ಟ ಇಟ್ಟು ನೋಡಿಕೊಳ್ಳಿ. ನೀರು ಹರಿಯಲೆಂದು ಕಣಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ನಾಲ್ಕೂ ಚಕ್ರದ ಗಾಳಿ ಸರಿಮಾಡಿ. ಹಿಂದೆ ಮೂಟೆ, ಸಾಮಾನು ಇದ್ದರೆ ಇಳಿಸಿ.

ಈಗ ಬಾಡಿಯ ಕೆಳಅಂಚಿಗೂ ಬಂಪರಿನ ಮೇಲಂಚಿಗೂ ನಡುವಿನ ಸಂದನ್ನು ಎಡ, ನಡು, ಬಲ ಮೂರು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಲಿಫ್ಟ್ ಮಾಡುವ ಮೊದಲೇ ಒಮ್ಮೆ ಅಳೆದಿಟ್ಟಿದ್ದರೆ ಇನ್ನೂ ಒಳ್ಳೆಯದು. ನನ್ನ ಗಾಡಿಯಲ್ಲಿ ಮೊದಲು 20 ಮಿ.ಮೀ. ಸಂದು ಇತ್ತು. 50 ಮಿ.ಮೀ. ಬಿಲ್ಲೆ ಹಾಕಿದ ಮೇಲೆ 70 ಆಗಬೇಕಿತ್ತು. ಅಳೆದರೆ ಎಡಕ್ಕೆ 71, ಬಲಕ್ಕೆ 65! ಬಿಲ್ಲೆಯ ತಪ್ಪಲ್ಲ. ಬಲಗಡೆ ಹಿಂದಿನ ರಬ್ಬರ್ ಬುಷ್ ಹಳೆಯದಾಗಿ, ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಅದನ್ನು ಬದಲಾಯಿಸಿದ ಮೇಲೆ 70 ಬಂತು.

ಇಂಥ ವ್ಯತ್ಯಾಸ ಕಂಡರೆ ಬಂಪರನ್ನು ಬಾಡಿಯ ಓರೆಗೆ ಹೊಂದಿಸಿಕೊಂಡು ಓರೆಯಾಗಿಯೇ ಕೂರಿಸಬೇಡಿ. ಮೊದಲು ಬುಷ್ ಸರಿಮಾಡಿ. ಇಲ್ಲದಿದ್ದರೆ ನಾಳೆ ಬುಷ್ ಬದಲಾಯಿಸಿದ ದಿನ ಬಂಪರ್ ಸೊಟ್ಟಗೆ ಕಾಣುತ್ತದೆ.

ಜೊತೆಗೆ ಇವನ್ನೂ ನೋಡಿ. ಹಿಂಬಾಗಿಲು ಪೂರ್ತಿ ತೆರೆದಾಗ ಅದರ ಕೆಳಅಂಚು ಬಂಪರಿಗಿಂತ ಎಷ್ಟು ಮೇಲಿದೆ? ಸ್ಟೆಪ್ನಿ ಬಾಗಿಲಿಗೇ ತೂಗುಹಾಕಿದ್ದರೆ, ಟೈರಿನ ಕೆಳಭಾಗ ಎಲ್ಲಿಗೆ ಬರುತ್ತದೆ? ದೊಡ್ಡ ಟೈರು ಹಾಕಿದ್ದರೆ ಸ್ಟೆಪ್ನಿಯೂ ದೊಡ್ಡದಾಗಿರುತ್ತದೆ, ಅದು ಬಂಪರಿಗೆ ತಾಗಬಾರದು. ಸೈಲೆನ್ಸರ್ ಪೈಪಿನ ಬಾಯಿ ಎಲ್ಲಿ ಬರುತ್ತದೆ? ನಂಬರ್ ಪ್ಲೇಟು, ಅದರ ದೀಪ, ರಿಫ್ಲೆಕ್ಟರ್ ಬಂಪರಿನ ಮೇಲಿವೆಯೇ? ಇದ್ದರೆ ವೈರಿಗೆ ಎಷ್ಟು ಸಡಿಲ ಇದೆ? ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಯಾವ ವಾಷರ್ ಎಲ್ಲಿತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಬಾಡಿ ಎತ್ತಿದವರು ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ರಬ್ಬರ್ ಪೈಪನ್ನೂ ಈಗಲೇ ಬಗ್ಗಿ ನೋಡಿಬಿಡಿ. ಬಾಯಿ ಬಾಡಿಯಲ್ಲಿದ್ದು ಟ್ಯಾಂಕು ಚಾಸಿಗೆ ಕಟ್ಟಿದ್ದರೆ, ಬಾಡಿ ಎದ್ದಷ್ಟೂ ಆ ಪೈಪು ಎಳೆದುಕೊಂಡಿರುತ್ತದೆ. ಬಿಗಿಯಾಗಿ ಕಂಡರೆ ಉದ್ದದ ಪೈಪು ಹಾಕಿಸಿ, ಆಮೇಲೆ ಬಂಪರಿನ ಕೆಲಸಕ್ಕೆ ಕೈಹಾಕಿ.

ಎರಡನೇ ಹಂತ: ಎಷ್ಟು ಎತ್ತಬೇಕು?

ಮೊದಲ ಸಲ ನಾನು ಎಡವಿದ್ದು ಇಲ್ಲೇ. ಸಂದು ಕಾಣಲೇಬಾರದು ಅಂತ ಬಂಪರನ್ನು 65 ಮಿ.ಮೀ. ಎತ್ತಿಸಿದೆ. ಬಾಡಿಗೂ ಬಂಪರಿಗೂ ನಡುವೆ ಉಳಿದದ್ದು ಬರೀ 5 ಮಿ.ಮೀ. ನಿಂತಾಗ ತುಂಬಾ ಚೆನ್ನಾಗಿ ಕಾಣುತ್ತಿತ್ತು. ಮೊದಲ ಮಳೆಗೆ ಹಳ್ಳದ ದಾರಿಯಲ್ಲಿ ಒಂದು ಹಿಂಚಕ್ರ ಗುಂಡಿಗೆ ಇಳಿದು, ಇನ್ನೊಂದು ಬಂಡೆ ಹತ್ತಿದಾಗ ಟಕ್ ಅಂತ ಒಂದು ಸದ್ದು. ಇಳಿದು ನೋಡಿದರೆ ಬಂಪರಿನ ಬಲಮೂಲೆ ಬಾಡಿಯ ತಗಡಿಗೆ ಒತ್ತಿ, ಹೆಬ್ಬೆರಳಿನಷ್ಟು ತಗ್ಗು ಬಿದ್ದಿತ್ತು. ಬಣ್ಣ ಎದ್ದುಹೋಗಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ತುಕ್ಕು ಕೂತಿತ್ತು.

ಆದ್ದರಿಂದ ಕನಿಷ್ಠ 15, ಸಾಧ್ಯವಾದರೆ 20 ಮಿ.ಮೀ. ಸಂದು ಬಿಡಿ. ಬಾಡಿ 50 ಎದ್ದಿದ್ದರೆ ಬಂಪರನ್ನೂ 50 ಎತ್ತಿ ಸಾಕು. ಲಿಫ್ಟಿಗೆ ಮೊದಲಿದ್ದ ಸಂದೇ ಮರಳಿ ಬರುತ್ತದೆ, ಬಾಗಿಲಿಗೂ ತೊಂದರೆ ಇಲ್ಲ.

ಬಂಪರ್ ಎತ್ತುವುದರಿಂದ ಇನ್ನೊಂದು ಲಾಭವೂ ಇದೆ. ದಿಬ್ಬದಿಂದ ಇಳಿಯುವಾಗ ಹಿಂಭಾಗ ನೆಲಕ್ಕೆ ತಾಗುವುದು ಕಡಿಮೆಯಾಗುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ಹಿಂಚಕ್ರ ನೆಲ ಮುಟ್ಟುವ ಜಾಗದಿಂದ ಬಂಪರ್ 600 ಮಿ.ಮೀ. ಹಿಂದಿದೆ, ಅದರ ಕೆಳಅಂಚು ನೆಲದಿಂದ 450 ಮಿ.ಮೀ. ಮೇಲಿದೆ ಅಂದುಕೊಳ್ಳಿ. ಆಗ ಚಕ್ರ ನೆಲ ಮುಟ್ಟುವ ಜಾಗದಿಂದ ಬಂಪರಿನ ಕೆಳಅಂಚಿಗೆ ಎಳೆದ ಗೆರೆ ನೆಲದ ಜೊತೆ ಮಾಡುವ ಕೋನ ಸುಮಾರು 37 ಡಿಗ್ರಿ. ಬಂಪರ್ 50 ಮಿ.ಮೀ. ಎದ್ದರೆ ಸುಮಾರು 40 ಡಿಗ್ರಿ. ಮೂರು ಡಿಗ್ರಿ ಅಂದರೆ ತೋಟದ ದಾರಿಯಲ್ಲಿ ಸಣ್ಣದಲ್ಲ.

ಆದರೆ ಚಾಸಿ ಎದ್ದಿಲ್ಲ ಅನ್ನುವುದನ್ನು ಮರೆಯಬೇಡಿ. ಮೊದಲು ಬಂಪರ್ ತಾಗುತ್ತಿದ್ದ ಜಾಗದಲ್ಲಿ ಈಗ ಚಾಸಿಯ ತುದಿಯೋ ಎಳೆಯುವ ಕೊಕ್ಕೆಯೋ ತಾಗಬಹುದು. ಇದಕ್ಕೆ ನಾನು ಏನು ಮಾಡಿದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೂರನೇ ಹಂತ: ಬ್ರ್ಯಾಕೆಟ್ಟಿನ ಆಕಾರ

ಬ್ರ್ಯಾಕೆಟ್ಟು ಅಂದರೆ ಬಂಪರನ್ನು ಚಾಸಿಗೆ ಹಿಡಿದಿಡುವ ಕಬ್ಬಿಣದ ಆಸರೆ. ಇಡೀ ಕೆಲಸದಲ್ಲಿ ಜಾಸ್ತಿ ಯೋಚನೆ ಬೇಕಾಗುವುದು ಇಲ್ಲಿ. ವೆಲ್ಡಿಂಗ್ ಯಾರಾದರೂ ಮಾಡಿಕೊಡುತ್ತಾರೆ. ಆಕಾರ ತಪ್ಪಿದರೆ ಎಷ್ಟು ಚೆನ್ನಾಗಿ ವೆಲ್ಡ್ ಮಾಡಿದರೂ ಉಪಯೋಗ ಇಲ್ಲ.

ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಮಾಡುವುದು ಹೀಗೆ. ಬಂಪರಿಗೂ ಚಾಸಿಯ ತುದಿಗೂ ನಡುವೆ ಒಂದು ಉದ್ದದ ಪ್ಲೇಟು ಕೊಡುತ್ತಾರೆ. ಕೆಳಗಿನ ತೂತು ಚಾಸಿಗೆ, ಮೇಲಿನ ತೂತು ಬಂಪರಿಗೆ. ನನಗೂ ಮೊದಲ ಸಲ ಒಂದು ಶಾಪಿನಲ್ಲಿ 4 ಮಿ.ಮೀ. ಪ್ಲೇಟಿನಲ್ಲಿ ಹೀಗೇ ಮಾಡಿಕೊಟ್ಟರು. ಪ್ಲೇಟಿನ ಅಗಲ ಮುಖ ಹಿಂದಕ್ಕೆ ನೋಡುತ್ತಿತ್ತು. ಒಮ್ಮೆ ಗಾಡಿ ಕೆಸರಿನಲ್ಲಿ ಹೂತಾಗ ಬಂಪರಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ಎಳೆಸಿದೆವು. ಗಾಡಿ ಬಂತು, ಆದರೆ ಎರಡೂ ಪ್ಲೇಟು ಹಪ್ಪಳದಂತೆ ಬಾಗಿ ಬಂಪರ್ ಹಿಂದಕ್ಕೆ ವಾಲಿಕೊಂಡಿತು.

ಏಕೆ ಹಾಗಾಯಿತು? ಒಂದು ಸ್ಟೀಲ್ ಸ್ಕೇಲು ತೆಗೆದುಕೊಳ್ಳಿ. ಅಗಲದ ಕಡೆಯಿಂದ ಒತ್ತಿದರೆ ಸುಲಭವಾಗಿ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿ, ಬಾಗುವುದೇ ಇಲ್ಲ. ಕಬ್ಬಿಣ ಅದೇ, ದಪ್ಪ ಅದೇ. ನಿಲ್ಲಿಸಿದ ರೀತಿ ಬೇರೆ.

ಬಲದ ಲೆಕ್ಕವನ್ನೂ ನೋಡಿ. ಜಿಪ್ಸಿಯ ತೂಕವೇ ಸುಮಾರು ಒಂದು ಟನ್. ಬಂಪರಿನ ಮೇಲೆ 1,000 ಕೆಜಿ ಬಲ ಬಿದ್ದರೆ, ಬಂಪರ್ ಚಾಸಿಯ ಬೋಲ್ಟಿಗಿಂತ 50 ಮಿ.ಮೀ. ಮೇಲಿರುವುದರಿಂದ 50 ಕೆಜಿ-ಮೀಟರಿನಷ್ಟು ತಿರುಚುವ ಬಲ ಹುಟ್ಟುತ್ತದೆ. ಎಡಬಲ ಹಂಚಿದರೆ ಒಂದೊಂದು ಬ್ರ್ಯಾಕೆಟ್ಟಿಗೆ 25. ಚಕ್ರದ ನಟ್ಟು ಬಿಗಿಯಲು ಸುಮಾರು 8ರಿಂದ 10 ಕೆಜಿ-ಮೀಟರ್ ಬಲ ಹಾಕುತ್ತೇವೆ. ಅದರ ಎರಡೂವರೆ ಪಟ್ಟು ಬಲದಲ್ಲಿ ಒಂದು ಪ್ಲೇಟನ್ನು ತಿರುಚಿದ ಹಾಗೆ. ಬಂಪರ್ ಎತ್ತುವ ಮೊದಲು ಈ ಬಲ ಇರಲಿಲ್ಲ, ಎತ್ತಿದ್ದರಿಂದಲೇ ಹುಟ್ಟಿದ್ದು.

ಹಾಗಾಗಿ ಎರಡನೇ ಸಲ ಪ್ಲೇಟನ್ನು ನಿಲ್ಲಿಸಿದೆವು. 8 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟು, ಚಾಸಿಯ ಹೊರಬದಿಗೆ ಒತ್ತಿಕೊಂಡು ಉದ್ದಕ್ಕೆ ಸಾಗುತ್ತದೆ. ಮುಂದಿನ ಭಾಗದಲ್ಲಿ ಚಾಸಿಯ ಹಳೆ ತೂತುಗಳಿಗೆ ಸರಿಯಾಗಿ ಎರಡು ತೂತು. ಹಿಂದಕ್ಕೆ ಹೋಗುತ್ತಾ ಪ್ಲೇಟು ಆನೆಯ ಸೊಂಡಿಲಿನಂತೆ 50 ಮಿ.ಮೀ. ಮೇಲೇಳುತ್ತದೆ. ಅದರ ಹಿಂತುದಿಗೆ ಅಡ್ಡಲಾಗಿ 100ಕ್ಕೆ 100 ಮಿ.ಮೀ. ಚೌಕದ ಇನ್ನೊಂದು ಪ್ಲೇಟು ವೆಲ್ಡ್ ಆಗುತ್ತದೆ. ಬಂಪರ್ ಕೂರುವುದು ಆ ಚೌಕದ ಮೇಲೆ. ಎರಡೂ ಸೇರುವ ಮೂಲೆಗೆ ತ್ರಿಕೋನದ ಆನಿಕೆ ಪಟ್ಟಿ.

ಚಾಸಿಯ ಎರಡು ಬೋಲ್ಟುಗಳ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅಂತರ 80 ಮಿ.ಮೀ. ಇದ್ದರೆ ಆ 25 ಕೆಜಿ-ಮೀಟರಿಗೆ ಒಂದೊಂದು ಬೋಲ್ಟು ಸುಮಾರು 310 ಕೆಜಿ ತಡೆಯಬೇಕು. 40 ಮಿ.ಮೀ. ಇದ್ದರೆ ಅದು ಇಮ್ಮಡಿ.

ಹೊಸ ತೂತು ಕೊರೆಯಲೇಬೇಕಾದರೆ ಚಾಸಿಯ ಪಕ್ಕದ ಗೋಡೆಯ ನಡುಭಾಗದಲ್ಲಿ ಕೊರೆಯಿರಿ. ಮೇಲಿನ, ಕೆಳಗಿನ ಅಂಚಿಗೆ ಮಾತ್ರ ಕೈಹಾಕಬೇಡಿ. ಚಾಸಿ ಬಾಗುವಾಗ ಎಳೆತ, ಒತ್ತಡ ಎಲ್ಲ ಆ ಅಂಚುಗಳಲ್ಲೇ ಇರುತ್ತದೆ.

ಪ್ಲೇಟು ಕತ್ತರಿಸುವ ಮೊದಲು ರಟ್ಟಿನಲ್ಲಿ ಮಾಡಿ ನೋಡಿ. ಟಿವಿ, ಫ್ರಿಜ್ ಬಂದ ಡಬ್ಬದ ದಪ್ಪ ರಟ್ಟು ಸಾಕು. ರಟ್ಟನ್ನು ಚಾಸಿಗೆ ಒತ್ತಿ, ತೂತಿನ ಅಚ್ಚು ಮೂಡಿಸಿಕೊಂಡು, ಆಕಾರ ಬರೆದು ಕತ್ತರಿಸಿ, ಗಾಡಿಗೆ ಹಿಡಿದು ನೋಡಿ. ನಾವು ಮೂರು ಸಲ ರಟ್ಟು ಬದಲಾಯಿಸಿದೆವು. ಮೂರನೆಯದು ಸರಿಯಾಗಿ ಕೂತಿತು. ಎಡ ಬಲ ಬೇರೆ ಬೇರೆಯಾಗಿ ಅಚ್ಚು ತೆಗೆಯಿರಿ. ಹಳೆ ಗಾಡಿಯಲ್ಲಿ ಎರಡೂ ಕಡೆ ಒಂದೇ ರೀತಿ ಇರುತ್ತದೆ ಅಂತ ನಂಬುವಂತಿಲ್ಲ.

ನಾಲ್ಕನೇ ಹಂತ: ಬಿಚ್ಚುವುದು

ಹಿಂದಿನ ದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದಿಡಿ. ಬ್ಯಾಟರಿಯ ನೆಗೆಟಿವ್ ವೈರು ತೆಗೆಯಿರಿ. ನಂಬರ್ ಪ್ಲೇಟು ದೀಪದ ವೈರು ಬಿಡಿಸಿ. ಬಂಪರಿನ ಅಡಿಗೆ ಜಾಕೋ ಮರದ ದಿಮ್ಮಿಯೋ ಕೊಟ್ಟು, ಇನ್ನೊಬ್ಬರನ್ನು ಹಿಡಿದುಕೊಳ್ಳಲು ಹೇಳಿ ಆಮೇಲೆ ಕೊನೆಯ ಬೋಲ್ಟು ಬಿಚ್ಚಿ. ಚಾನೆಲ್ ಬಂಪರ್ ಒಬ್ಬರ ಕೈಗೆ ಭಾರ, ಕಾಲಿನ ಮೇಲೆ ಬಿದ್ದರೆ ಬೆರಳು ಉಳಿಯುವುದಿಲ್ಲ. ಹಳೆ ಬೋಲ್ಟುಗಳನ್ನು ಮತ್ತೆ ಬಳಸಬೇಡಿ.

ಐದನೇ ಹಂತ: ಕೊರೆಯುವುದು, ಬೆಸೆಯುವುದು

ಎಂ12, ಅಂದರೆ 12 ಮಿ.ಮೀ. ದಪ್ಪದ ಬೋಲ್ಟಿಗೆ 13 ಮಿ.ಮೀ. ತೂತು ಬೇಕು. ಒಂದೇ ಸಲ 13ರ ಬಿಟ್ ಹಾಕಬೇಡಿ. ಮೊದಲು ಪಂಚಿನಲ್ಲಿ ಗುರುತು, ಆಮೇಲೆ 4, ಆಮೇಲೆ 8, ಕೊನೆಗೆ 13. ವೇಗ ಕಡಿಮೆ, ಒತ್ತು ಜಾಸ್ತಿ, ನಡುನಡುವೆ ಒಂದೆರಡು ಹನಿ ಎಣ್ಣೆ. ತೂತಿನ ನಡುವಿನಿಂದ ಪ್ಲೇಟಿನ ಅಂಚಿಗೆ ಕನಿಷ್ಠ 25 ಮಿ.ಮೀ. ಬಿಡಿ. ಅಂಚಿಗೆ ಹತ್ತಿರವಾದರೆ ಎಳೆತಕ್ಕೆ ಹರಿದುಬಿಡುತ್ತದೆ.

ವೆಲ್ಡಿಂಗ್ ವಿಷಯದಲ್ಲಿ ಒಂದೇ ಮಾತನ್ನು ಕೈಮುಗಿದು ಹೇಳುತ್ತೇನೆ. ಗಾಡಿಯ ಮೇಲೆ ವೆಲ್ಡ್ ಮಾಡಬೇಡಿ. ಜಿಪ್ಸಿಯ ಪೆಟ್ರೋಲ್ ಟ್ಯಾಂಕು ಇರುವುದು ಹಿಂಭಾಗದಲ್ಲೇ, ಬಂಪರಿಗೆ ಕೈಯಳತೆಯಲ್ಲಿ. ಟ್ಯಾಂಕು ಖಾಲಿ ಮಾಡಿದ್ದೇವೆ ಅನ್ನುವ ಧೈರ್ಯವೂ ಬೇಡ. ಖಾಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಆವಿ ತುಂಬಿರುತ್ತದೆ, ಹೊತ್ತಿಕೊಳ್ಳುವುದು ಆ ಆವಿಯೇ. ಅದು ಗಾಳಿಗಿಂತ ಭಾರ, ಕೆಳಗೇ ಹರಡಿಕೊಂಡು ಕೂತಿರುತ್ತದೆ. ಗ್ರೈಂಡರಿನ ಕಿಡಿಗೂ ಇದೇ ಮಾತು.

ಅದಕ್ಕೆ ನಾವು ಮಾಡಿದ್ದು ಹೀಗೆ. ಬೋಲ್ಟು ಹಾಕಿ ಪಕ್ಕದ ಪ್ಲೇಟನ್ನು ಚಾಸಿಗೆ ಕೂರಿಸಿದೆವು. ಚೌಕದ ಪ್ಲೇಟನ್ನು ಬಂಪರಿಗೆ ಬೋಲ್ಟಿನಲ್ಲಿ ಕಟ್ಟಿದೆವು. ಬಂಪರಿನ ಅಡಿಗೆ ದಿಮ್ಮಿ, ಅದರ ಮೇಲೆ ತೆಳು ಮರದ ಚಕ್ಕೆ ಕೊಟ್ಟು ಬೇಕಾದ ಎತ್ತರಕ್ಕೆ ತಂದು ರಸಮಟ್ಟ ನೋಡಿದೆವು. ಎರಡು ಪ್ಲೇಟು ಸೇರುವ ಕಡೆ ಸೂಜಿಮೊನೆಯಿಂದ ಗೀರು ಎಳೆದು, ಸೀಮೆಸುಣ್ಣದಲ್ಲಿ ಎಡ, ಬಲ ಅಂತ ಬರೆದೆವು. ಆಮೇಲೆ ಎಲ್ಲ ಬಿಚ್ಚಿ, ಗಾಡಿಯಿಂದ ದೂರ ಒಯ್ದು, ಗೀರಿಗೆ ಸರಿಯಾಗಿ ಹಿಡಿದು ನಾಲ್ಕು ಚುಕ್ಕೆ ಟ್ಯಾಕ್ (ತಾತ್ಕಾಲಿಕ ವೆಲ್ಡ್) ಹಾಕಿಸಿದೆವು. ಮತ್ತೆ ಗಾಡಿಗೆ ತಂದು ಕೂರಿಸಿ ನೋಡಿದೆವು. ಸರಿ ಇದೆ ಅಂತ ಖಾತ್ರಿಯಾದ ಮೇಲೆ ಪೂರ್ತಿ ವೆಲ್ಡಿಂಗ್. ಎರಡು ಸಲ ಹೊತ್ತುಕೊಂಡು ಓಡಾಡಬೇಕು, ನಿಜ. ಬೆಂಕಿಗಿಂತ ಅದು ವಾಸಿ.

3.15 ಮಿ.ಮೀ. ದಪ್ಪದ 6013 ನಂಬರಿನ ವೆಲ್ಡಿಂಗ್ ಕಡ್ಡಿ ಈ ಕೆಲಸಕ್ಕೆ ಸಾಕಾಗುತ್ತದೆ. 8 ಮಿ.ಮೀ. ಪ್ಲೇಟಾದ್ದರಿಂದ ಅಂಚನ್ನು ಗ್ರೈಂಡರಿನಲ್ಲಿ ಓರೆಯಾಗಿ ಸವರಿ ಕಣಿವೆಯಂತೆ ಮಾಡಿ. ಆಗ ವೆಲ್ಡ್ ಒಳಗಿನವರೆಗೂ ಇಳಿಯುತ್ತದೆ. ಬರೀ ಮೇಲೆ ಮೇಲೆ ಮೆತ್ತಿದ ವೆಲ್ಡ್ ನೋಡಲು ದಪ್ಪ, ಆದರೆ ಹಿಡಿತ ಇಲ್ಲ. ಒಂದು ಬದಿಯಲ್ಲೇ ಪೂರ್ತಿ ಎಳೆದರೆ ಪ್ಲೇಟು ಬಿಸಿಗೆ ಸೆಳೆದುಕೊಂಡು ಮೂಲೆಮಟ್ಟ ತಪ್ಪುತ್ತದೆ. ಆ ಬದಿ ಸ್ವಲ್ಪ, ಈ ಬದಿ ಸ್ವಲ್ಪ ಹಾಕಿಸಿ. ಪ್ರತಿ ಸಾಲಿನ ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ಉದುರಿಸಿ ತಂತಿ ಬ್ರಷ್ ಹೊಡೆಯಿರಿ. ಸತು ಲೇಪನದ ಕಬ್ಬಿಣ ಇದ್ದರೆ ವೆಲ್ಡ್ ಆಗುವ ಜಾಗದ ಲೇಪನವನ್ನು ಮೊದಲೇ ಸವರಿ ತೆಗೆಯಿರಿ, ಸುಟ್ಟಾಗ ಬರುವ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತದೆ.

ಆರನೇ ಹಂತ: ಬಣ್ಣ

ಬಯಲುಸೀಮೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಹುದೇನೋ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬ್ಬಿಣ ಒಣಗುವುದೇ ಇಲ್ಲ. ಪ್ಲೇಟಿನ ಮೇಲಿನ ನೀಲಿ ಪೊರೆಯನ್ನು ಉಜ್ಜಿ ತೆಗೆಯಿರಿ. ಅದರ ಮೇಲೆ ಬಣ್ಣ ಹಚ್ಚಿದರೆ ಪೊರೆ ಎದ್ದಾಗ ಬಣ್ಣವೂ ಏಳುತ್ತದೆ. ತಿನ್ನರಿನಲ್ಲಿ ಒರೆಸಿ, ಎಪಾಕ್ಸಿ ಇಲ್ಲವೇ ಸತು ಇರುವ ಪ್ರೈಮರ್ ಒಂದು ಕೋಟು, ಮೇಲೆ ಎರಡು ಕೋಟು ಬಣ್ಣ. ತೂತುಗಳ ಒಳಗೂ ಬ್ರಷ್ ಆಡಿಸಿ. ಬಂಪರ್ ಪೆಟ್ಟಿಗೆಯಂತೆ ಮುಚ್ಚಿದ್ದರೆ ಅಡಿಯಲ್ಲಿ 10 ಮಿ.ಮೀ.ನ ಒಂದೆರಡು ತೂತು ಇರಲಿ, ನೀರು ಇಳಿದುಹೋಗುತ್ತದೆ.

ತುಕ್ಕು ಹಿಡಿಯದಿರಲಿ ಅಂತ ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮ ಕಡೆ ಇದೆ. ಬಾಡಿ ಬುಷ್ ಹತ್ತಿರ ಮಾತ್ರ ಅದು ಬೇಡ. ಎಣ್ಣೆ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಏಳನೇ ಹಂತ: ಕೂರಿಸುವುದು, ತಿರುಚಿ ನೋಡುವುದು

ತಲೆಯ ಮೇಲೆ 8.8 (ಗಟ್ಟಿತನದ ದರ್ಜೆ) ಅಂತ ಅಚ್ಚಿರುವ ಎಂ12 ಬೋಲ್ಟು, ಎರಡೂ ಕಡೆ ದಪ್ಪ ವಾಷರ್, ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವ, ಸುಲಭಕ್ಕೆ ಸಡಿಲಾಗದ ನಟ್ಟು). ಚಾಸಿ ಒಳಗೆ ಟೊಳ್ಳು. ಬೋಲ್ಟು ಎರಡೂ ಗೋಡೆ ದಾಟಿ ಹೋಗುವುದಾದರೆ ಒಳಗೆ ಸರಿಯಾದ ಉದ್ದದ ಪೈಪಿನ ತುಂಡು ಇರಬೇಕು. ಅದಿಲ್ಲದೆ ಬಿಗಿದರೆ ಗೋಡೆ ಒಳಕ್ಕೆ ಕುಸಿಯುತ್ತದೆ, ಬೋಲ್ಟು ಎಂದೂ ಬಿಗಿಯಾಗುವುದಿಲ್ಲ. ಮೊದಲು ಎಲ್ಲ ಬೋಲ್ಟು ಬೆರಳಿನಿಂದ ಹಾಕಿ, ಬಂಪರ್ ಮಟ್ಟಕ್ಕೆ ತಂದು, ಆಮೇಲೆ ಒಂದೊಂದಾಗಿ ಬಿಗಿಯಿರಿ. 8.8ರ ಎಂ12 ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್, ಅಂದರೆ 8 ಕೆಜಿ-ಮೀಟರ್ ಸಾಕು. ಬಿಗಿದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ನಟ್ಟು ತಿರುಗಿದರೆ ಗೆರೆ ಮುರಿದು ಕಾಣುತ್ತದೆ.

ಈಗ ಪರೀಕ್ಷೆ. ಒಂದು ಹಿಂಚಕ್ರವನ್ನು ಒಂದಡಿ ಎತ್ತರದ ಗಟ್ಟಿ ದಿಬ್ಬಕ್ಕೆ ಹತ್ತಿಸಿ, ಹ್ಯಾಂಡ್ ಬ್ರೇಕ್ ಎಳೆದು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ನಿಲ್ಲಿಸಿ. ಇಳಿದು ಎರಡೂ ಮೂಲೆಯ ಸಂದು ಅಳೆಯಿರಿ. ನಂತರ ಇನ್ನೊಂದು ಚಕ್ರ ಹತ್ತಿಸಿ ಅಳೆಯಿರಿ. ನನ್ನ ಗಾಡಿಯಲ್ಲಿ 20 ಇದ್ದದ್ದು ಒಂದು ಮೂಲೆಯಲ್ಲಿ 12ಕ್ಕೆ ಇಳಿಯಿತು. ಮೊದಲ ಸಲ ಬರೀ 5 ಬಿಟ್ಟಿದ್ದೆನಲ್ಲ, ತಗ್ಗು ಏಕೆ ಬಿತ್ತು ಅಂತ ಅಳತೆಯೇ ಹೇಳಿತು. ಅದೇ ಸ್ಥಿತಿಯಲ್ಲಿ ಹಿಂಬಾಗಿಲು ತೆರೆದು ಮುಚ್ಚಿ ನೋಡಿ, ಸ್ಟೆಪ್ನಿ ತಾಗುತ್ತದೆಯೇ ನೋಡಿ. ಕೊನೆಗೆ ಬ್ಯಾಟರಿ ಜೋಡಿಸಿ ಬ್ರೇಕ್ ಲೈಟು, ಇಂಡಿಕೇಟರ್, ನಂಬರ್ ಪ್ಲೇಟು ದೀಪ ಎಲ್ಲ ಹಾಕಿ ನೋಡಿ.

ಉಳಿದ 20 ಮಿ.ಮೀ. ಸಂದಿನಿಂದ ಕೆಸರು ಬರುತ್ತದೆ ಅನಿಸಿದರೆ ಹಳೆ ಲಾರಿ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ ಬಂಪರಿನ ಒಳಬದಿಗೆ ಕಟ್ಟಿ, ಮೇಲಂಚು ಬಾಡಿಗೆ ಸುಮ್ನೆ ಒರಗಿಕೊಂಡಿರಲಿ. ಕಬ್ಬಿಣದ ಪಟ್ಟಿ ಹಾಕಬೇಡಿ, ಮತ್ತೆ ಬಾಡಿಗೇ ತಾಗುತ್ತದೆ.

ಎಳೆಯುವ ಕೊಕ್ಕೆ ಮತ್ತು ಚಾಸಿಯ ತುದಿ

ಹೊಸ ಬ್ರ್ಯಾಕೆಟ್ಟು ಎಷ್ಟೇ ಗಟ್ಟಿ ಇರಲಿ, ಗಾಡಿ ಹೂತಾಗ ಹಗ್ಗ ಕಟ್ಟುವುದು ಬಂಪರಿಗಲ್ಲ. ಕೆಸರು ಹಿಡಿದುಕೊಂಡಾಗ ಎಳೆಯುವ ಬಲ ಗಾಡಿಯ ತೂಕವನ್ನೂ ಮೀರಬಹುದು. ಬೋಲ್ಟು ಹರಿದು ಕೊಕ್ಕೆ ಹಾರಿದರೆ ಎದುರಿಗಿದ್ದವರ ಜೀವಕ್ಕೇ ಅಪಾಯ. ಎಳೆಯುವ ಕೊಕ್ಕೆ ಹಳೆ ಎತ್ತರದಲ್ಲೇ, ಚಾಸಿಗೇ ನೇರವಾಗಿ ಬೋಲ್ಟಾಗಿ ಉಳಿಯಲಿ. ಬಂಪರ್ ಎತ್ತಿದ ಮೇಲೆ ಅದು ಬಂಪರಿನ ಅಡಿಯಲ್ಲಿ ಸಲೀಸಾಗಿ ಕೈಗೆ ಸಿಗುತ್ತದೆ. ಹಗ್ಗದ ನಡುವೆ ಒಂದು ಒದ್ದೆ ಗೋಣಿಚೀಲ ಹೊದಿಸಿ. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬೇಡಿ.

ಬಂಪರ್ ಮೇಲೆ ಹೋಗಿ ಬಯಲಾದ ಚಾಸಿಯ ತುದಿಗೆ 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಪಟ್ಟಿಯನ್ನು 45 ಡಿಗ್ರಿಗೆ ಬಗ್ಗಿಸಿ, ಅದೇ ಹಳೆ ತೂತಿನ ಬೋಲ್ಟಿನ ಕೆಳಗೆ ಸೇರಿಸಿ ಹಾಕಿದ್ದೇನೆ. ದಿಬ್ಬ ಇಳಿಯುವಾಗ ಕಲ್ಲಿಗೆ ಸಿಕ್ಕಿಕೊಳ್ಳುವ ಬದಲು ಜಾರಿಕೊಂಡು ಹೋಗುತ್ತದೆ. ಹಾಕಿ ಒಂದು ಮಳೆಗಾಲ ಕಳೆಯಿತು. ಆ ಪಟ್ಟಿಯ ಅಡಿ ಬಣ್ಣ ಪೂರ್ತಿ ಸವೆದು ಹೊಳೆಯುತ್ತಿದೆ, ಚಾಸಿಯ ತುದಿಗೆ ಒಂದು ಗೀರೂ ಇಲ್ಲ.

ಮೊದಲ 100 ಕಿಲೋಮೀಟರ್ ಆದ ಮೇಲೆ, ತೋಟದ ಗಾಡಿಯಾದರೆ ಎರಡು ವಾರಕ್ಕೆ, ಎಲ್ಲ ಬೋಲ್ಟುಗಳಿಗೆ ಒಮ್ಮೆ ಸ್ಪ್ಯಾನರ್ ಹಾಕಿ. ಬಣ್ಣದ ಪದರ ಒತ್ತಿಕೊಂಡು ಬೋಲ್ಟು ಕೊಂಚ ಸಡಿಲಾಗುತ್ತದೆ. ನನ್ನ ಗಾಡಿಯಲ್ಲಿ ಎಡಗಡೆಯ ಒಂದು ಬೋಲ್ಟು ಕಾಲು ಸುತ್ತು ಬಿಗಿ ತೆಗೆದುಕೊಂಡಿತು. ಹಳೆ ಗೆರೆ ಅಳಿಸಿ ಹೊಸ ಗೆರೆ ಎಳೆದೆ. ಈಗ ತಿಂಗಳಿಗೊಮ್ಮೆ ಗಾಡಿ ತೊಳೆಯುವಾಗ ಆ ಬಿಳಿ ಗೆರೆಗಳನ್ನು ಒರೆಸಿ ನೋಡುತ್ತೇನೆ.